ಕಡಲ ದಂಡೆಯ ಒಂದು ದಿನ ಯಾರ ಲೆಕ್ಕಕ್ಕೆ?

ನನ್ನ ತಮ್ಮನ ಸಂಸಾರ ಬಯಲುಸೀಮೆಯ ಒಂದು ಊರಿನಲ್ಲಿ ಮಿಶನರಿ ಕೆಲಸದಲ್ಲಿದೆ. ಈಗಿನ ದಿನಮಾನದಲ್ಲಿ ಊರಿನ ಹೆಸರು ಬರೆಯದಿರುವುದೇ ಒಳ್ಳೆಯದು. ತಮ್ಮನ ಹೆಂಡತಿ ಎರಡು ತಿಂಗಳಿಗೊಮ್ಮೆ ಪ್ರಾರ್ಥನಾ ಪತ್ರ ಬರೆದು, ಅವರಿಗೆ ಕಾಣಿಕೆ ಕಳಿಸುವ ಕ್ರೈಸ್ತ ಸಭೆಗಳಿಗೂ ಕುಟುಂಬಗಳಿಗೂ ವಾಟ್ಸಾಪ್‌ನಲ್ಲಿ ಹಾಕುತ್ತಾಳೆ. ಸಂಜೆಯ ಟ್ಯೂಷನ್‌ಗೆ ಎಷ್ಟು ಮಕ್ಕಳು ಬರುತ್ತಿದ್ದಾರೆ, ಯಾರಿಗೆ ಹುಷಾರಿಲ್ಲ, ಬಾಡಿಗೆ ಮನೆ ಬಿಡಬೇಕಾಗಿ ಬಂದೀತೇ, ಯಾವುದಕ್ಕಾಗಿ ಪ್ರಾರ್ಥಿಸಬೇಕು ಎಂಬ ವಿವರಗಳು, ಜೊತೆಗೆ ಮೂರು ನಾಲ್ಕು ಫೋಟೊ. ಕಳೆದ ಜನವರಿಯಲ್ಲಿ ಅವರು ಮಂಗಳೂರಿಗೆ ಬಂದಿದ್ದಾಗ ಒಂದು ದಿನ ಮಕ್ಕಳನ್ನು ಕರೆದುಕೊಂಡು ತಣ್ಣೀರುಬಾವಿಗೆ ಹೋಗಿದ್ದೆವು. ಆ ದಿನ ಅವಳೇ ತೆಗೆದ ಒಂದು ಫೋಟೊ ಇದೆ. ಮೊಣಕಾಲವರೆಗೆ ನೀರಿನಲ್ಲಿ ನಿಂತ ತಮ್ಮ, ಅವನ ಹೆಗಲ ಮೇಲೆ ಚಿಕ್ಕವನು, ತೋಳಿಗೆ ಜೋತುಬಿದ್ದ ದೊಡ್ಡವಳು, ಮೂವರೂ ಬಾಯಿ ತುಂಬ ನಗುತ್ತಿದ್ದಾರೆ. ಫೆಬ್ರವರಿಯ ಪತ್ರದಲ್ಲಿ ಆ ಫೋಟೊ ಇರಲಿಲ್ಲ. ಬೇವಿನ ಮರದ ಕೆಳಗೆ ತಮ್ಮ ಯಾರಿಗೋ ಏನನ್ನೋ ಓದಿ ಹೇಳುತ್ತಿರುವ ಚಿತ್ರವಿತ್ತು. ಅದೂ ಸುಳ್ಳು ಚಿತ್ರವೇನಲ್ಲ.

ಯಾಕೆ ಹಾಕಲಿಲ್ಲ ಎಂದು ಕೇಳಿದೆ. "ಬೇಡ ಅಕ್ಕಾ. ಹೋದ ವರ್ಷ ಮಗಳ ಹುಟ್ಟುಹಬ್ಬದ್ದು ಹಾಕಿದ್ದೆ ಅಲ್ವಾ, ಒಬ್ರು ಫೋನ್ ಮಾಡಿ ಕೇಕ್ ಎಷ್ಟಾಯ್ತು ಅಂತ ಕೇಳಿದ್ರು. ಬೀಚ್ ನೋಡಿದ್ರೆ ಇನ್ನೇನು ಅಂದ್ಕೊಳ್ತಾರೋ" ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮಳೆ ಬರಬಹುದು, ಬಟ್ಟೆ ಒಳಗೆ ಹಾಕೋಣ ಎನ್ನುವಷ್ಟೇ ಸಹಜವಾಗಿ ಹೇಳಿದಳು. ಆ ಸಹಜತೆಯೇ ನನ್ನನ್ನು ಈ ಆರು ತಿಂಗಳಿಂದ ಕಾಡುತ್ತಿದೆ.

ಫೋನ್ ಮಾಡಿದವರನ್ನು ನಾನು ಕೆಟ್ಟವರೆಂದು ಹೇಳಲಾರೆ. ನಮ್ಮ ಸಭೆಗಳಲ್ಲಿ ಮಿಶನ್ ಕಾಣಿಕೆ ಕೊಡುವವರಲ್ಲಿ ದೊಡ್ಡ ಸಂಬಳದವರಿಗಿಂತ ಬೀಡಿ ಕಟ್ಟಿ, ಹೊಲಿಗೆ ಹೊಲಿದು, ಪಿಂಚಣಿಯಲ್ಲಿ ಉಳಿಸಿ ಕೊಡುವವರೇ ಹೆಚ್ಚು. ಕೊಯ್ಲಿನ ಹಬ್ಬದ ಏಲಂನಲ್ಲಿ ಒಂದು ಬಾಳೆಗೊನೆಗೆ ಕೂಗಿ ಕೂಗಿ ದುಡ್ಡು ಏರಿಸುವ ಅಜ್ಜಿಯಂದಿರನ್ನು ನಾನು ಬಲ್ಲೆ. ತಮ್ಮ ಜೀವಮಾನದಲ್ಲಿ ಒಂದು ದಿನ ಸುಮ್ಮನೆ ಕಡಲ ಬದಿಯಲ್ಲಿ ಕುಳಿತು ಎದ್ದವರಲ್ಲ ಅವರು. ತಾವು ಕೊಟ್ಟದ್ದು ಎಲ್ಲಿಗೆ ಹೋಯಿತು ಎಂದು ಕೇಳುವ ಹಕ್ಕು ಅವರಿಗಿದೆ. ಆದರೆ ಆ ಪ್ರಶ್ನೆಯ ಅಡಿಯಲ್ಲಿ ಇನ್ನೊಂದು ನಂಬಿಕೆ ಕೂತಿದೆ: ದೇವರ ಕೆಲಸಕ್ಕೆಂದು ಹೊರಟವರು ತಮ್ಮ ಮಕ್ಕಳ ಜೊತೆ ಕಳೆದ ದಿನ, ಕೆಲಸದಿಂದ ಕದ್ದ ದಿನ ಎಂಬುದು. ಈ ನಂಬಿಕೆ ತಪ್ಪು ಎಂದು ನಾನು ಪೂರ್ತಿ ಮನಸ್ಸಿನಿಂದ ಹೇಳುತ್ತೇನೆ. ಅದು ಎಲ್ಲಿಂದ ಬಂತು, ಅದಕ್ಕೆ ಯಾರು ಬೆಲೆ ತೆತ್ತರು ಎಂಬುದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ.

ಸೋಮವಾರದ ಅಪ್ಪ

ನಮ್ಮ ಅಪ್ಪ ಸಭಾಪಾಲಕರಾಗಿದ್ದರು. ಸಭೆಯವರಿಗೆ 'ಅಯ್ಯನವರು'. ಪಾದ್ರಿಮನೆಯಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ, ಆ ಮನೆಯ ಬಾಗಿಲು ಹಗಲಿನಲ್ಲಿ ಮುಚ್ಚುವುದಿಲ್ಲ. ದೀಕ್ಷಾಸ್ನಾನದ ಸರ್ಟಿಫಿಕೇಟ್ ಬೇಕೆಂದು ಒಬ್ಬರು, ಶಾಲೆಯ ಸೀಟಿಗೆ ಪತ್ರ ಬೇಕೆಂದು ಇನ್ನೊಬ್ಬರು, ಅಣ್ಣತಮ್ಮಂದಿರ ಜಾಗದ ತಕರಾರು, ಮದುವೆಯ ಪ್ರಕಟಣೆ, ಆಸ್ಪತ್ರೆಯ ಸುದ್ದಿ. ಭಾನುವಾರ ಬೇರೆಯವರಿಗೆ ವಿಶ್ರಾಂತಿಯ ದಿನ, ನಮ್ಮ ಮನೆಯಲ್ಲಿ ಅದು ವಾರದ ಅತ್ಯಂತ ದೊಡ್ಡ ಕೆಲಸದ ದಿನ. ಅದಕ್ಕಾಗಿ ಸೋಮವಾರ ಅಪ್ಪನಿಗೆ ರಜೆ ಎಂದು ಎಲ್ಲರೂ ಒಪ್ಪಿದ್ದರು. ಸೋಮವಾರ ನಮಗೆ ಶಾಲೆ ಇರುತ್ತಿತ್ತು. ಹಾಗಾಗಿ ಅಪ್ಪನ ರಜೆ ಮತ್ತು ನಮ್ಮ ರಜೆ ಒಂದೇ ದಿನ ಕೂಡಿಬರುತ್ತಿದ್ದದ್ದು ದಸರಾದಲ್ಲಿ, ಇಲ್ಲವೇ ಬೇಸಿಗೆಯಲ್ಲಿ.

ಅಂಥ ಒಂದು ಸೋಮವಾರ ನಾವು ಮಲ್ಪೆಯ ಕಡಲಿಗೆ ಹೋದೆವು. ನನಗೆ ಎಂಟೋ ಒಂಬತ್ತೋ, ತಮ್ಮನಿಗೆ ನಾಲ್ಕು. ಅಮ್ಮ ಬೆಳಿಗ್ಗೆ ಬೇಗ ಎದ್ದು ಬನ್ಸ್ ಕರಿದು, ಮೊಟ್ಟೆ ಬೇಯಿಸಿ, ಉಪ್ಪು ಮೆಣಸಿನ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡಿದ್ದರು. ಅಪ್ಪ ಪಂಚೆಯನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿದ್ದರು. ಅಪ್ಪನ ಕಾಲುಗಳು ಅಷ್ಟು ಬೆಳ್ಳಗಿವೆ ಎಂದು ನಾನು ನೋಡಿದ್ದು ಅಂದೇ. ಬಿಳಿ ನಿಲುವಂಗಿಯ ಅಯ್ಯನವರು ಮರಳಿನಲ್ಲಿ ಮಂಡಿಯೂರಿ ಕೈಯಿಂದ ಬಾವಿ ತೋಡುತ್ತಿದ್ದರು. ಒದ್ದೆ ಮರಳನ್ನು ಎರಡು ಮೊಳ ಕೆದಕಿದರೆ ಅಡಿಯಿಂದ ನೀರು ಜಿನುಗುತ್ತದಲ್ಲ, ಅದನ್ನು ಕಂಡು ತಮ್ಮ ಕುಣಿಯುತ್ತಿದ್ದ. ಅಪ್ಪ ಬಾವಿಗೆ ಕಟ್ಟೆ ಕಟ್ಟಿದರು, ಕಟ್ಟೆಗೆ ಕಪ್ಪೆಚಿಪ್ಪು ಒತ್ತಿದರು, ತೆರೆ ಬಂದು ಕೆಡಿಸಬಾರದೆಂದು ಪಡುವಣದ ಕಡೆಗೊಂದು ದಿಣ್ಣೆ ಮಾಡಲು ತೊಡಗಿದರು. ದೂರದಲ್ಲಿ ಸೈಂಟ್ ಮೇರೀಸ್ ದ್ವೀಪಗಳು, ಹತ್ತಿರದಲ್ಲಿ ಒಣಮೀನಿನ ವಾಸನೆ.

ಅಷ್ಟರಲ್ಲಿ ದೇವಾಲಯದ ಕೆಲಸ ನೋಡಿಕೊಳ್ಳುತ್ತಿದ್ದವರು ಸೈಕಲ್ಲಿನಲ್ಲಿ ಬಂದರು. ಮರಳಿನಲ್ಲಿ ಸೈಕಲ್ ತಳ್ಳಲಾಗದೆ ಗಾಳಿಮರಗಳ ಬಳಿ ಒರಗಿಸಿ ಓಡಿಬಂದರು. ಸಭೆಯ ಒಬ್ಬ ಮುದುಕಿಗೆ ಕೊನೆಗಾಲ, ಕರ್ತರ ಭೋಜನ, ಅಂದರೆ ಯೇಸುವಿನ ನೆನಪಿನ ರೊಟ್ಟಿ ದ್ರಾಕ್ಷಾರಸ ಕೇಳುತ್ತಿದ್ದಾರೆ. ಅಪ್ಪ ತಲೆ ಎತ್ತಿ, "ಐದು ನಿಮಿಷ" ಅಂದರು. ಬಂದವರು ನಿಂತರು. ಅಪ್ಪ ಆ ದಿಣ್ಣೆಯನ್ನು ಪೂರ್ತಿ ಮಾಡಿದರು. ಅವಸರ ಮಾಡಲಿಲ್ಲ. ಎರಡೂ ಕೈಯಿಂದ ತಟ್ಟಿ ಗಟ್ಟಿ ಮಾಡಿ, ತಮ್ಮನ ಕೈ ಹಿಡಿದು ಬಾವಿಯೊಳಗೆ ಒಮ್ಮೆ ಅದ್ದಿಸಿ, ಪಂಚೆ ಇಳಿಸಿ, ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಹೋದರು. ಅಮ್ಮ ನಮ್ಮನ್ನು ಕೂರಿಸಿ ಮೊಟ್ಟೆ ಸುಲಿದುಕೊಟ್ಟರು. ಅಪ್ಪ ಬರಲಿಲ್ಲ. ಸಂಜೆ ಬಸ್ಸಿನಲ್ಲಿ ನಾವು ಮೂವರೇ ಮನೆಗೆ ಬಂದೆವು.

ಆ ಮುದುಕಿ ಅದೇ ರಾತ್ರಿ ತೀರಿಕೊಂಡರು. ಅವರ ಮನೆಯವರು ಈಗಲೂ ಕಂಡಾಗ, ಅಯ್ಯನವರು ಸರಿಯಾದ ಹೊತ್ತಿಗೆ ಬಂದರು ಎನ್ನುತ್ತಾರೆ. ಅಪ್ಪ ಹೋಗಲೇಬೇಕಿತ್ತು, ಹೋದದ್ದು ಸರಿ. ಅದರ ಜೊತೆಗೆ ಆ ಐದು ನಿಮಿಷವೂ ನನಗೆ ಬಹಳ ದೊಡ್ಡದು. ಅಷ್ಟು ಹೊತ್ತು ಅಪ್ಪ ತನ್ನ ಮಗನ ಬಾವಿಯನ್ನು ಅರ್ಧಕ್ಕೆ ಬಿಡಬಾರದೆಂದು ತೀರ್ಮಾನಿಸಿದ್ದರು. ಸಾಯುವವರ ಕರೆಯ ಎದುರಿಗೂ ಮಗುವಿನ ಆಟಕ್ಕೆ ಒಂದು ತೂಕ ಕೊಟ್ಟಿದ್ದರು. ಅಪ್ಪನ ಪ್ರಸಂಗಗಳು ನನಗೆ ಹೆಚ್ಚೇನೂ ನೆನಪಿಲ್ಲ. ಇದು ನೆನಪಿದೆ.

ಅಳಿವೆಯಾಚೆ ನಿಂತ ಹಡಗು

ನಮ್ಮ ಅಜ್ಜ, ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಿಂದ ಬಂದ ಬಾಸೆಲ್ ಮಿಶನ್ ಕಾಲದ ಉಪದೇಶಿಗಳ ಪರಂಪರೆಯವರು. ಹೆಬಿಕ್, ಮೋಗ್ಲಿಂಗ್, ಕಿಟ್ಟೆಲ್ ಕಥೆಗಳನ್ನು ಕೇಳಿಯೇ ನಾವು ದೊಡ್ಡವರಾದದ್ದು. ಬಲ್ಮಠದ ಗುಡ್ಡ, 1843ರ 'ಮಂಗಳೂರ ಸಮಾಚಾರ', ಜೆಪ್ಪುವಿನ ಹಂಚಿನ ಕಾರ್ಖಾನೆ, 1894ರ ನಿಘಂಟು, ಇವೆಲ್ಲ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾದವಲ್ಲ. ಆ ಮಿಶನರಿಗಳ ಬಂಗಲೆಗಳಲ್ಲಿ ಹುಟ್ಟಿದ ಮಕ್ಕಳ ಕಥೆಯನ್ನು ಮಾತ್ರ ನಮಗೆ ಯಾರೂ ಹೇಳಲಿಲ್ಲ. ನಾನು ಅದನ್ನು ಹುಡುಕಿಕೊಂಡು ಹೋದದ್ದು ನನಗೇ ಮಕ್ಕಳಾದ ಮೇಲೆ.

ಬಾಸೆಲ್ ಮಿಶನ್ನಿನ ನಿಯಮಗಳು ಕಟ್ಟುನಿಟ್ಟು. ಮಿಶನರಿ ಒಬ್ಬಂಟಿಯಾಗಿಯೇ ಹೊರಡಬೇಕು. ಎರಡು ವರ್ಷ ಕೆಲಸ ಮಾಡಿದ ಮೇಲೆ ಮದುವೆಗೆ ಅನುಮತಿ ಕೇಳಬಹುದು. ಹೆಣ್ಣು ಯಾರೆಂಬುದಕ್ಕೂ ಬಾಸೆಲ್‌ನ ಕಮಿಟಿಯ ಒಪ್ಪಿಗೆ ಬೇಕು. ಹಾಗೆ ಒಪ್ಪಿದ ಹೆಣ್ಣು, ಎಷ್ಟೋ ಸಲ ತಾನು ಮುಖ ನೋಡದ ಗಂಡನನ್ನು ಹುಡುಕಿಕೊಂಡು ಹಡಗಿನಲ್ಲಿ ಬರುತ್ತಿದ್ದಳು. ಮಕ್ಕಳು ಹುಟ್ಟುತ್ತಿದ್ದವು, ಆಯಾಗಳ ಸೊಂಟದ ಮೇಲೆ ಬೆಳೆಯುತ್ತಿದ್ದವು, ಹೆತ್ತವರ ಜರ್ಮನ್‌ಗಿಂತ ಮೊದಲು ಇಲ್ಲಿನ ಮಾತು ಅವುಗಳ ಬಾಯಿಗೆ ಬರುತ್ತಿತ್ತು. ಶಾಲೆಯ ವಯಸ್ಸಾಗುತ್ತಲೇ ಅವರನ್ನು ಯುರೋಪಿಗೆ ಕಳಿಸಬೇಕು. 1850ರ ದಶಕದಲ್ಲಿ ಇದಕ್ಕೆಂದೇ ಬಾಸೆಲ್‌ನಲ್ಲಿ ಗಂಡುಮಕ್ಕಳಿಗೊಂದು, ಹೆಣ್ಣುಮಕ್ಕಳಿಗೊಂದು ಮನೆ ಆಯಿತು. ಆರೇಳು ವರ್ಷದ ಮಕ್ಕಳು. ಮತ್ತೆ ಅಪ್ಪ ಅಮ್ಮನನ್ನು ನೋಡಲು ಹತ್ತು ವರ್ಷವಾದರೂ ಆಗಬಹುದಿತ್ತು. ಕೆಲವರು ನೋಡಲೇ ಇಲ್ಲ.

ಕಾರಣಗಳಿದ್ದವು, ಅವನ್ನು ಹಗುರ ಮಾಡಬಾರದು. ಕಾಲರಾ, ರಕ್ತಭೇದಿ, ವಿಷಮಜ್ವರ ಆ ಕಾಲದ ಬಂಗಲೆಗಳಲ್ಲಿ ಸಾಲುಸಾಲಾಗಿ ಜೀವ ತೆಗೆಯುತ್ತಿದ್ದವು. ಕಿಟ್ಟೆಲರು 1860ರಲ್ಲಿ ಮದುವೆಯಾದ ಪೌಲಿನ್ 1864ರಲ್ಲೇ ತೀರಿಕೊಂಡರು. ಕಂಪೆನಿಯ ಇಂಗ್ಲಿಷ್ ಅಧಿಕಾರಿಗಳೂ ಮಕ್ಕಳನ್ನು ಹೀಗೆಯೇ ಊರಿಗೆ ಕಳಿಸುತ್ತಿದ್ದರು. ಆದರೆ ಆರೋಗ್ಯ, ವಿದ್ಯೆ ಎಂಬ ಕಾರಣಗಳ ಜೊತೆಗೆ ಇನ್ನೆರಡು ಕಾರಣಗಳೂ ಇದ್ದವು: ಮಕ್ಕಳು ಇಲ್ಲಿಯವರಂತೆ ಆಗಿಬಿಡುತ್ತಾರೆ ಎಂಬ ಭಯ, ಮಕ್ಕಳು ದೂರವಿದ್ದರೆ ಹೆತ್ತವರ ಪೂರ್ತಿ ಹೊತ್ತು ಕೆಲಸಕ್ಕೆ ಸಿಗುತ್ತದೆ ಎಂಬ ಲೆಕ್ಕ. ಈ ಕೊನೆಯ ಲೆಕ್ಕವನ್ನೇ ನಾನು ಒಪ್ಪಲಾರೆ.

ಕೇರಳದ ತಲಶ್ಶೇರಿಯಲ್ಲಿದ್ದ, ಇದೇ ಮಿಶನ್ನಿನ ಹರ್ಮನ್ ಗುಂಡರ್ಟ್ ಮನೆಯ ಕಥೆ ನೋಡಿ. ಮಲಯಾಳದ ದೊಡ್ಡ ನಿಘಂಟು ಮಾಡಿದವರು. ಇಲ್ಲಿಕ್ಕುನ್ನಿನಲ್ಲಿ ಅವರಿದ್ದ ಬಂಗಲೆ ಈಗ ಮ್ಯೂಸಿಯಂ ಆಗಿದೆ. ಅವರ ಮಗಳು ಮರೀ ಹುಟ್ಟಿದ್ದು ತಲಶ್ಶೇರಿಯಲ್ಲಿ, 1842ರಲ್ಲಿ. 1840ರ ದಶಕದ ನಡುವೆ ದಂಪತಿ ಯುರೋಪಿಗೆ ಹೋಗಿ ಭಾರತಕ್ಕೆ ಮರಳುವಾಗ ಅವಳನ್ನು ಅಲ್ಲೇ ಬಿಟ್ಟು ಬಂದರು. ಅವಳಿಗೆ ಐದು ತುಂಬಿರಲಿಲ್ಲ. ಅವಳು ಮತ್ತೆ ಈ ನೆಲಕ್ಕೆ ಬಂದದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಆ ನಡುವಿನ ವರ್ಷಗಳಲ್ಲಿ ಅವಳ ತಾಯಿ ಜೂಲಿ ಮಲಬಾರಿನಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದರು. ಊರಿನ ಮಕ್ಕಳಿಗೆ ಓದು, ಹೊಲಿಗೆ ಕಲಿಸುತ್ತಿದ್ದರು, ಅವರ ಜ್ವರ ನೋಡುತ್ತಿದ್ದರು, ಅವರಿಗೆ ತಾಯಿಯಾಗಿದ್ದರು. ಆ ಮಕ್ಕಳಿಗೆ ಅದರಿಂದ ಒಳ್ಳೆಯದಾಯಿತು. ಹೆಣ್ಣುಮಕ್ಕಳ ವಿದ್ಯೆಗೆ ಆ ತಾಯಂದಿರು ಕೊಟ್ಟದ್ದನ್ನು ನಾನು, ಅಂಥದೇ ಒಂದು ಶಾಲೆಯಲ್ಲಿ ಓದಿದವಳು, ಎಂದೂ ಕಡಿಮೆ ಮಾಡಿ ಹೇಳಲಾರೆ. ಆದರೂ ಜೂಲಿ ಸಂಜೆ ಹೊತ್ತು ಶಾಲೆಯ ಮಕ್ಕಳ ಜಡೆ ಹೆಣೆಯುವಾಗ ಏನು ನೆನೆಸಿಕೊಂಡಿರಬಹುದು ಎಂದು ಯೋಚಿಸದೆ ಇರಲಾಗುವುದಿಲ್ಲ.

ಮರೀ ಮುಂದೆ ತಾನೂ ಮಿಶನರಿಯ ಹೆಂಡತಿಯಾದಳು, ಸಿಂಧ್ ಪ್ರಾಂತದಲ್ಲಿದ್ದ ಚಾರ್ಲ್ಸ್ ಈಸೆನ್‌ಬರ್ಗ್ ಎಂಬವರನ್ನು ಮದುವೆಯಾಗಿ. ಅವರು 1870ರಲ್ಲಿ ತೀರಿಕೊಂಡ ಮೇಲೆ, ನಮ್ಮ ಕರಾವಳಿಯಲ್ಲಿ ಕೆಲವು ವರ್ಷ ಕೆಲಸ ಮಾಡಿ ಆರೋಗ್ಯ ಕೆಟ್ಟು ಹಿಂತಿರುಗಿದ್ದ ಯೊಹಾನೆಸ್ ಹೆಸ್ಸೆಯವರನ್ನು 1874ರಲ್ಲಿ ಮದುವೆಯಾದಳು. ಅವರ ಮಗನೇ 1877ರಲ್ಲಿ ಹುಟ್ಟಿದ ಹರ್ಮನ್ ಹೆಸ್ಸೆ, ಮುಂದೆ ನೊಬೆಲ್ ಪಡೆದ ಲೇಖಕ. ಕುಟುಂಬ ಬಾಸೆಲ್‌ನಲ್ಲಿದ್ದಾಗ ಹಟಮಾರಿ ಹುಡುಗನೆಂದು ಅವನನ್ನೂ ಸ್ವಲ್ಪ ಕಾಲ ಅದೇ ಮಿಶನ್ನಿನ ಬಾಲಕರ ಮನೆಯಲ್ಲಿ ಇರಿಸಿದ್ದರು. ಹೆತ್ತವರು ಅದೇ ಊರಿನಲ್ಲಿದ್ದರು, ನಡುವೆ ಯಾವ ಕಡಲೂ ಇರಲಿಲ್ಲ. ಎಳೆಯದರಲ್ಲೇ ಬೇರೆಯಾಗಿ ಬೆಳೆದ ತಾಯಿಗೆ, ಮಗನನ್ನು ಬೇರೆ ಇರಿಸುವುದೂ ಒಂದು ಸಾಧ್ಯವಾದ ದಾರಿಯಾಗಿಯೇ ಕಂಡಿರಬೇಕು. ಒಂದು ಪೀಳಿಗೆಯಲ್ಲಿ ತ್ಯಾಗವೆಂದು ಕಣ್ಣೀರಿಟ್ಟು ಮಾಡಿದ್ದು, ಮುಂದಿನ ಪೀಳಿಗೆಯಲ್ಲಿ ರೂಢಿಯಾಗುವುದು ಹೀಗೆ.

ಮಂಗಳೂರಿನಿಂದ ಹೊರಟ ಮಕ್ಕಳ ದಾರಿಯನ್ನು ನಾನು ಸುಲಭವಾಗಿ ಊಹಿಸಬಲ್ಲೆ. ಪಣಂಬೂರಿನ ಈಗಿನ ಬಂದರು ಬಂದದ್ದು 1970ರ ದಶಕದಲ್ಲಿ. ಅದಕ್ಕಿಂತ ಮೊದಲು ಹಳೆಯ ಬಂದರೇ ಗತಿ. ನೇತ್ರಾವತಿಯೂ ಗುರುಪುರ ಹೊಳೆಯೂ ಕಡಲು ಸೇರುವ ಅಳಿವೆಯಲ್ಲಿ ಮರಳು ತುಂಬಿ ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ. ಅದು ಅಳಿವೆಯಾಚೆ ಲಂಗರು ಹಾಕಿ ನಿಲ್ಲುತ್ತಿತ್ತು, ಜನ ದೋಣಿಯಲ್ಲಿ ಹೋಗಿ ಹತ್ತಬೇಕಿತ್ತು. ಮಳೆಗಾಲದಲ್ಲಿ ಅದೂ ಇಲ್ಲ. ಹಾಗಾಗಿ ಕಡಲು ಶಾಂತವಾಗಿರುವ ತಿಂಗಳುಗಳೇ ಮಕ್ಕಳು ಹೊರಡುವ ತಿಂಗಳುಗಳು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಪಯಣ ವಾರಗಳಿಗೆ ಇಳಿಯಿತು. ದೋಣಿಯಿಂದ ಹಡಗಿಗೆ ಹತ್ತಿಸುವ ಆ ಗಳಿಗೆ ಮಾತ್ರ ಹಾಗೆಯೇ ಉಳಿಯಿತು. ಆ ಮಕ್ಕಳಿಗೂ ಕಡಲ ದಂಡೆಯ ಒಂದು ದಿನ ಇದ್ದಿರಬೇಕು. ಇಲ್ಲೇ, ಇದೇ ಮರಳಿನಲ್ಲಿ ಅಪ್ಪನ ಕೈ ಹಿಡಿದು ನಿಂತಿರಬೇಕು. ನಾನು ಓದಿದ ಹಳೆಯ ವರದಿಗಳಲ್ಲಿ ಶಾಲೆಗಳ ಸಂಖ್ಯೆ ಇದೆ, ದೀಕ್ಷಾಸ್ನಾನದ ಸಂಖ್ಯೆ ಇದೆ, ನೂಲಿನ ಲೆಕ್ಕ, ಹಂಚಿನ ಲೆಕ್ಕ ಎಲ್ಲ ಇದೆ. ಅಂಥ ದಿನ ಒಂದೂ ಇಲ್ಲ. ವಿಶ್ರಾಂತಿಯ ಮಾತು ಬಂದರೆ ಅದು ಕಾಯಿಲೆಯ ಜೊತೆಗೇ ಬರುತ್ತದೆ: ಇಂಥವರ ಆರೋಗ್ಯ ಕೆಟ್ಟು ನೀಲಗಿರಿಯ ಕೇಟಿಗೆ ಹೋದರು ಎಂದು. ಆರೋಗ್ಯವಾಗಿರುವವರು, ಸಂತೋಷವಾಗಿರುವವರು, ಮಕ್ಕಳ ಜೊತೆ ಒಂದು ಹಗಲು ಕಳೆದರು ಎಂದು ಬಾಸೆಲ್‌ಗೆ ಬರೆಯಲು ಅವರಿಗೂ ಕೈ ಬರಲಿಲ್ಲವೇನೋ.

ಮಾರ್ಕನ ಆರನೆಯ ಅಧ್ಯಾಯ

ಇದಕ್ಕೆ ಶಾಸ್ತ್ರದ ಆಧಾರ ಹೇಳುವವರಿದ್ದಾರೆ. ನೇಗಿಲಿಗೆ ಕೈಹಾಕಿ ಹಿಂದೆ ನೋಡಬಾರದು, ತಂದೆ ತಾಯಿ ಮಕ್ಕಳಿಗಿಂತ ಕರ್ತನನ್ನು ಹೆಚ್ಚಾಗಿ ಪ್ರೀತಿಸಬೇಕು. ಈ ಮಾತುಗಳನ್ನು ನಾನು ನಂಬುತ್ತೇನೆ, ಅವುಗಳ ಕೆಳಗೇ ಬೆಳೆದಿದ್ದೇನೆ. ಆದರೆ ಬೈಬಲ್ಲಿನ ಅವೇ ಸುವಾರ್ತೆಗಳಲ್ಲಿ ಒಂದಾದ ಮಾರ್ಕನ ಆರನೆಯ ಅಧ್ಯಾಯದಲ್ಲಿ, ಶಿಷ್ಯರು ಊರೂರು ಸುತ್ತಿ ಬಂದು ತಾವು ಮಾಡಿದ್ದನ್ನೆಲ್ಲ ವರದಿ ಒಪ್ಪಿಸುತ್ತಾರೆ. ಬಂದು ಹೋಗುವ ಜನರ ನಡುವೆ ಅವರಿಗೆ ಊಟ ಮಾಡಲೂ ಪುರುಸೊತ್ತಿಲ್ಲ. ಆಗ ಯೇಸು ಅವರನ್ನು ಮೆಚ್ಚಿ ಇನ್ನಷ್ಟು ಕೆಲಸ ಹೇಳುವುದಿಲ್ಲ. ಜನರಿಲ್ಲದ ಜಾಗಕ್ಕೆ ಬನ್ನಿ, ಸ್ವಲ್ಪ ದಣಿವಾರಿಸಿಕೊಳ್ಳಿ ಎಂದು ದೋಣಿ ಹತ್ತಿಸುತ್ತಾನೆ. ಜನ ದಡದಲ್ಲೇ ಓಡಿ ಅವರಿಗಿಂತ ಮುಂಚೆ ಅಲ್ಲಿ ಮುಟ್ಟುತ್ತಾರೆ, ಅವನು ಅವರನ್ನು ಕಂಡು ಕನಿಕರಪಡುತ್ತಾನೆ, ಐದು ರೊಟ್ಟಿ ಎರಡು ಮೀನಿನ ಊಟವಾಗುತ್ತದೆ. ಪ್ರಸಂಗಗಳಲ್ಲಿ ಸಾಮಾನ್ಯವಾಗಿ ಇಲ್ಲಿಂದಲೇ ಶುರುಮಾಡುತ್ತಾರೆ: ನೋಡಿ, ವಿಶ್ರಾಂತಿಗೆಂದು ಹೋದರೂ ಸೇವೆ ಬಿಡಲಿಲ್ಲ ಎಂದು. ಊಟ ಮುಗಿದ ಕೂಡಲೇ ಅವನು ಶಿಷ್ಯರನ್ನು ಒತ್ತಾಯ ಮಾಡಿ ದೋಣಿಯಲ್ಲಿ ಮುಂದೆ ಕಳಿಸಿ, ಜನರನ್ನು ತಾನೇ ಬೀಳ್ಕೊಟ್ಟು, ಬೆಟ್ಟಕ್ಕೆ ಒಬ್ಬನೇ ಹೋದ ಎಂಬ ಭಾಗವನ್ನು ಓದಿ ಬಿಟ್ಟುಬಿಡುತ್ತಾರೆ. ಅಡ್ಡಿ ಬಂತು, ಅಡ್ಡಿಗೆ ಓಗೊಟ್ಟ, ಆಮೇಲೆ ತನ್ನ ಏಕಾಂತಕ್ಕೆ ಮತ್ತೆ ದಾರಿ ಮಾಡಿಕೊಂಡ.

ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿಯ ದಿನದ ಆಜ್ಞೆಯಲ್ಲೂ ನಾವು ಬೇಗ ಬೇಗ ದಾಟಿಹೋಗುವ ಒಂದು ಸಾಲಿದೆ. ಆ ದಿನ ಯಾರು ಕೆಲಸ ಮಾಡಬಾರದು ಎಂಬ ಪಟ್ಟಿಯಲ್ಲಿ 'ನೀನು' ಎಂದಾದ ಮೇಲೆ ಬರುವುದು ಗಂಡುಹೆಣ್ಣು ಮಕ್ಕಳು. ಆಮೇಲೆ ಆಳುಗಳು, ದನಕರುಗಳು, ಊರಿಗೆ ಬಂದ ಪರದೇಶಿ. ವಿಶ್ರಾಂತಿ ಒಬ್ಬನ ಸ್ವಂತ ವಿಷಯವಲ್ಲ, ಅವನಿಗೆ ಸೇರಿದವರೆಲ್ಲರ ಪಾಲು. ಅಪ್ಪ ದುಡಿಯುತ್ತಲೇ ಇದ್ದರೆ ಮಗುವಿಗೆ ಸಬ್ಬತ್ತು ಎಲ್ಲಿಂದ ಬರಬೇಕು? ಸಭಾಪಾಲಕರಿಗೂ ಮಿಶನರಿಗಳಿಗೂ ಭಾನುವಾರವನ್ನು ನಾವು ತೆಗೆದುಕೊಂಡುಬಿಟ್ಟಿದ್ದೇವೆ. ಅದರ ಬದಲಿಗೆ ಒಂದು ದಿನ ಕೊಡುವುದು ನಮ್ಮ ಮೇಲಿರುವ ಋಣ.

ತಣ್ಣೀರುಬಾವಿ

ಆ ಜನವರಿಯ ದಿನವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ಬರೆದಿಡಬೇಕಾದ ದಿನ ಅದು. ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಹೊಳೆ ದಾಟಿದೆವು. ದೊಡ್ಡವಳಿಗೆ ಐದು ನಡೆಯುತ್ತಿದೆ, ಚಿಕ್ಕವನಿಗೆ ಎರಡೂವರೆ. ಬಯಲುಸೀಮೆಯಲ್ಲಿ ಕೆರೆ ಮತ್ತು ಕಾಲುವೆ ಮಾತ್ರ ಕಂಡ ಮಕ್ಕಳು. ಹೊಳೆ ದಾಟಿದ್ದೇ ಕಡಲು ಮುಗಿಯಿತೆಂದು ದೊಡ್ಡವಳು ತಿಳಿದಿದ್ದಳು. ಗಾಳಿಮರಗಳ ತೋಪು ಮುಗಿದು ಆ ಕಡೆಯ ಏರು ಹತ್ತಿ ನಿಂತಾಗ ಅವಳು ತಮ್ಮನ ಪ್ಯಾಂಟು ಹಿಡಿದು, "ಅಪ್ಪಾ, ಇದ್ರ ಆ ದಡ ಎಲ್ಲಿ?" ಅಂದಳು. ತಮ್ಮ ಕೂತು ಅವಳ ಎತ್ತರಕ್ಕೆ 'ಆ ದಡ'ವನ್ನು ಹುಡುಕಿದ. ಪಣಂಬೂರು ಬಂದರಿನ ಒಳಗೆ ಹೋಗಲು ಕಾಯುತ್ತ ನಿಂತ ಹಡಗುಗಳು ಮಾತ್ರ ಕಾಣುತ್ತಿದ್ದವು.

ಸಣ್ಣ ಮಕ್ಕಳನ್ನು ಕಡಲಿಗೆ ಕರೆದುಕೊಂಡು ಹೋಗುವುದು ಬಿಡುವಲ್ಲ, ಅದೂ ಮೈಯೆಲ್ಲ ಕಣ್ಣಾಗಬೇಕಾದ ಕೆಲಸ. ನಮ್ಮ ಕಡಲು ನೋಡಲು ಸೌಮ್ಯವಾಗಿದ್ದರೂ ದಂಡೆ ಕೆಲವು ಕಡೆ ಥಟ್ಟನೆ ಇಳಿಯುತ್ತದೆ. ತೆರೆಗಳು ತಂದ ನೀರು ಹಿಂದಕ್ಕೆ ಹೋಗಲು ಒಂದು ಇಕ್ಕಟ್ಟಿನ ದಾರಿ ಮಾಡಿಕೊಂಡಿರುತ್ತದೆ, ಅಲ್ಲಿ ಮೇಲೆ ತೆರೆ ಒಡೆಯುವುದೇ ಇಲ್ಲ. ಗೊತ್ತಿಲ್ಲದವರು ಅದೇ ಸಪಾಟಾದ ಜಾಗ ಒಳ್ಳೆಯದೆಂದು ಇಳಿಯುತ್ತಾರೆ. ಅಲ್ಲಿದ್ದ ಒಬ್ಬ ಹಿರಿಯ ಮೊಗವೀರರು ತಮ್ಮನನ್ನು ಕರೆದು, ಮಗುವಿನ ಬೆರಳು ಹಿಡಿಯಬೇಡಿ, ಮಣಿಕಟ್ಟು ಹಿಡಿಯಿರಿ, ಒದ್ದೆ ಬೆರಳು ಜಾರುತ್ತದೆ ಅಂದರು. ಆಮೇಲೆ ಇಡೀ ದಿನ ಅವನು ಎರಡು ಮಣಿಕಟ್ಟುಗಳನ್ನು ಬಿಡಲಿಲ್ಲ. ತೆರೆ ಹಿಂದೆ ಸರಿಯುವಾಗ ಹಿಮ್ಮಡಿಯ ಕೆಳಗಿನ ಮರಳು ಜಾರಿ ಹೋಗುತ್ತದಲ್ಲ, ಅದಕ್ಕೆ ಚಿಕ್ಕವನು ಮೊದಲು ಹೆದರಿ ಕಿರುಚಿದ, ಮತ್ತೆ ಅದೇ ಬೇಕೆಂದು ಹಟ ಹಿಡಿದ. ಏಡಿಗಳು ಬಿಲದಿಂದ ಸಣ್ಣ ಸಣ್ಣ ಮರಳುಂಡೆ ಹೊರಗೆ ಹಾಕುವುದನ್ನು ಇಬ್ಬರೂ ಬೋರಲು ಮಲಗಿ ನೋಡಿದರು. ಈ ಮರಳು ಎಲ್ಲಿಂದ ಬಂತು ಎಂದು ದೊಡ್ಡವಳು ಕೇಳಿದಾಗ, ಘಟ್ಟದಿಂದ ಹೊಳೆ ತಂದದ್ದು, ಮಳೆಗಾಲದಲ್ಲಿ ಕಡಲು ಈ ದಂಡೆಯನ್ನು ಎಳೆದುಕೊಂಡು ಹೋಗುತ್ತದೆ, ಮಳೆ ಹೋದ ಮೇಲೆ ಮತ್ತೆ ತಂದು ಹಾಕುತ್ತದೆ ಎಂದು ತಮ್ಮ ಹೇಳಿದ. ಅವಳು ಅದನ್ನು ಒಪ್ಪಲಿಲ್ಲ. ಇಷ್ಟೂ ಮರಳನ್ನು ಏಡಿಗಳೇ ತೆಗೆದು ಹಾಕಿದ್ದು ಎಂಬುದು ಅವಳ ತೀರ್ಮಾನ. ಅವನು ವಾದಿಸಲಿಲ್ಲ.

ಫೋನನ್ನು ಅವನು ದೋಣಿ ಹತ್ತುವಾಗಲೇ ಆರಿಸಿ ಬುತ್ತಿಯ ಚೀಲದಲ್ಲಿ ಹಾಕಿದ್ದ. ಮಧ್ಯಾಹ್ನ ಪಡುಗಾಳಿ ಎದ್ದು ಬುತ್ತಿಗೆಲ್ಲ ಮರಳು ಬೀಳತೊಡಗಿದಾಗ ನಾವು ಗಾಳಿಮರದ ಬುಡಕ್ಕೆ ಬಂದೆವು. ಅವನು ಫೋನ್ ತೆರೆದು ನೋಡಿದ. ಕರೆಗಳ ಉದ್ದ ಪಟ್ಟಿ. ಅವನ ಮುಖದಲ್ಲಿ ಅಪ್ಪನ ಮುಖವೇ ಬಂದು ಕೂತಂತಾಯಿತು. ಎರಡು ಕರೆಗೆ ವಾಪಸು ಮಾಡಿ, ಒಬ್ಬರಿಗೆ ನಾಳೆ ಬೆಳಿಗ್ಗೆ ಮಾತಾಡುವುದಾಗಿ, ಇನ್ನೊಬ್ಬರಿಗೆ ಆಸ್ಪತ್ರೆಗೆ ಯಾರನ್ನು ಕರೆದುಕೊಂಡು ಹೋಗಬೇಕೆಂದು ಹೇಳಿ ಮತ್ತೆ ಆರಿಸಿದ. ಬನ್ಸ್ ತಿನ್ನುತ್ತಿದ್ದ ದೊಡ್ಡವಳು ಇದನ್ನೆಲ್ಲ ನೋಡುತ್ತಲೇ ಇದ್ದಳು. "ಅಪ್ಪಾ, ನಾಳೆನೂ ನಿಂಗೆ ಕೆಲ್ಸ ಇಲ್ವಾ?" ಅಂತ ಕೇಳಿದಳು. "ನಾಳೆ ಇದೆ ಪುಟ್ಟಾ. ಇವತ್ತು ಇಲ್ಲ" ಅಂದ. ಅವಳು ಸರಿಯೆಂದು ತಲೆಯಾಡಿಸಿ, ಹಾಗಿದ್ರೆ ಬೇಗ ತಿನ್ನು ಎಂದು ಅವನ ಕೈಯಲ್ಲಿದ್ದ ಬನ್ಸನ್ನು ತಾನೇ ಅವನ ಬಾಯಿಗೆ ತುರುಕಿದಳು. ಮಕ್ಕಳಿಗೆ ಅಪ್ಪ ಯಾವಾಗಲೂ ಬೇಕೆಂದಿಲ್ಲ. ಇವತ್ತು ನಿನ್ನದು ಎಂದರೆ ಅದು ನಿಜವಾಗಿರಬೇಕು, ಅಷ್ಟೇ ಅವರು ಕೇಳುವುದು.

ಬರುವ ಜೂನ್

ಈ ಎಲ್ಲ ಯೋಚನೆಗೆ ಈಗ ಒಂದು ಅವಸರವೂ ಇದೆ. ಬರುವ ಜೂನ್‌ನಲ್ಲಿ ದೊಡ್ಡವಳನ್ನು ಒಂದನೆಯ ತರಗತಿಗೆ ಸೇರಿಸಬೇಕು. ಅವರಿರುವ ಊರಿನ ಶಾಲೆ ತೀರ ಸಾಮಾನ್ಯ. ಮಿಶನರಿಗಳ ಮಕ್ಕಳಿಗೆ ಹಾಸ್ಟೆಲ್ ಇರುವ ಶಾಲೆಗಳಿವೆ. ಮಕ್ಕಳನ್ನು ಕಡಲಾಚೆ ಕಳಿಸುವ ಬದಲು ಇಲ್ಲೇ ಓದಿಸೋಣವೆಂದು ಅಮೆರಿಕದ ಮಿಶನರಿಗಳು 1901ರಲ್ಲಿ ಕೊಡೈಕನಾಲಿನಲ್ಲಿ ಶಾಲೆ ತೆರೆದಾಗ ಅದು ನಿಜಕ್ಕೂ ಒಂದು ದೊಡ್ಡ ಕರುಣೆಯಾಗಿತ್ತು, ಯಾಕೆಂದರೆ ಅದು ಹತ್ತು ವರ್ಷದ ಅಗಲಿಕೆಯನ್ನು ಕೆಲವು ತಿಂಗಳಿಗೆ ಇಳಿಸಿತು. ಹಾಸ್ಟೆಲ್‌ನಲ್ಲಿ ಚೆನ್ನಾಗಿ ಬೆಳೆದವರೂ ನನಗೆ ಗೊತ್ತು. ಕಳಿಸುವುದೋ ಇಟ್ಟುಕೊಳ್ಳುವುದೋ ತಮ್ಮ ಮತ್ತು ಅವನ ಹೆಂಡತಿ ನಿರ್ಧರಿಸಬೇಕಾದ್ದು. ನನ್ನ ಆಸೆ ಕೇಳಿದರೆ ಇಟ್ಟುಕೊಳ್ಳಲಿ. ಆದರೆ ಆ ನಿರ್ಧಾರವನ್ನು ಅವರು 'ಜನ ಏನಂದುಕೊಳ್ಳುತ್ತಾರೋ' ಎಂಬ ಹೆದರಿಕೆಯಿಂದ ಮಾಡಬಾರದು. ಕೇಕಿಗೆ, ಕಡಲಿಗೆ ಇರುವ ಹೆದರಿಕೆ ಮಗುವಿನ ಶಾಲೆಯವರೆಗೆ ಬರಲು ಹೆಚ್ಚು ದೂರವಿಲ್ಲ. ಆ ಹೆದರಿಕೆಯನ್ನು ತೆಗೆಯುವುದು ಅವರ ಕೈಯಲ್ಲಿಲ್ಲ, ಕಾಣಿಕೆ ಕೊಡುವ ನಮ್ಮ ಕೈಯಲ್ಲಿದೆ.

ಹಾಗಾಗಿ ಕಳೆದ ತಿಂಗಳು ನಮ್ಮ ಸಭೆಯ ಸ್ತ್ರೀಯರ ಕೂಟದಲ್ಲಿ ನಾನು ಎದ್ದು ಕೇಳಿದೆ. ನಾವು ಬೆಂಬಲಿಸುವ ಎರಡು ಮಿಶನರಿ ಕುಟುಂಬಗಳಿಗೆ, ನನ್ನ ತಮ್ಮನದು ಅದರಲ್ಲಿ ಒಂದೆಂಬುದನ್ನು ಮುಚ್ಚಿಡದೆ, ವರ್ಷಕ್ಕೊಮ್ಮೆ ಮಕ್ಕಳ ಜೊತೆ ಎಲ್ಲಿಗಾದರೂ ಹೋಗಿಬರಲು ಬಸ್ಸಿನ ಖರ್ಚು, ಎರಡು ರಾತ್ರಿ ಉಳಿಯುವ ಖರ್ಚು ಪ್ರತ್ಯೇಕವಾಗಿ ಕೊಡೋಣ, ಅದಕ್ಕೆ ರಸೀದಿ ಕೇಳುವುದು ಬೇಡ ಎಂದೆ. ಒಬ್ಬರು, ನಾವೇ ಎಲ್ಲಿಗೂ ಹೋಗುವುದಿಲ್ಲವಲ್ಲ ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ಅವರ ಮಾತು ನಿಜವೇ. ಮುಂದಿನ ವರ್ಷ ಕೂಟದವರೂ ಒಟ್ಟಿಗೆ ಒಂದು ದಿನ ಹೋಗೋಣ ಎಂದು ಇನ್ನೊಬ್ಬರು ಸೇರಿಸಿದರು, ಅದೂ ಒಪ್ಪಿಗೆಯಾಯಿತು. ಲೆಕ್ಕ ಬರೆಯುವವರು ಇದನ್ನು ಯಾವ ಬಾಬ್ತಿಗೆ ಹಾಕಲಿ, ದಾನದಲ್ಲಿ ಹಾಕಲೇ, ಇತರೆ ಖರ್ಚಿನಲ್ಲಿ ಹಾಕಲೇ ಎಂದು ಕೇಳಿದಾಗ, ಕೊಯ್ಲಿನ ಹಬ್ಬಕ್ಕೆ ಪ್ರತಿ ವರ್ಷ ಬಾಳೆಗೊನೆ ಕೂಗುವ ಅಜ್ಜಿಯೊಬ್ಬರು, "ಮಿಶನ್ ಕೆಲ್ಸ ಅಂತ್ಲೇ ಬರೀರಿ, ಬೇರೆ ಯಾಕೆ" ಅಂದರು. ಹಾಗೆಯೇ ಬರೆದರು. ಇನ್ನೊಂದು ಕುಟುಂಬ ಬೀದರದ ಕಡೆಯದು, ಅವರಿಗೆ ಮೂರು ಮಕ್ಕಳು. ಅವರು ಕಡಲಿಗೇ ಬರುವುದಾದರೆ ಮಂಗಳೂರಿನಲ್ಲಿ ಉಳಿಯಲು ನಮ್ಮ ಮನೆಯ ಮಾಳಿಗೆ ಇದೆ ಎಂದು ಹೇಳಿ ಬಂದಿದ್ದೇನೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಕಡಲು ಶಾಂತ. ಶನಿವಾರ ಭಾನುವಾರ ಬಿಟ್ಟು ಬಂದರೆ ಜನ ಕಡಿಮೆ.